ಸುಣ್ಣ ಹಾಕದ ಬುಧವಾರ

ಬುಧವಾರ ಬೆಳಿಗ್ಗೆ ಹನ್ನೊಂದೂವರೆಗೆ ಆಸ್ಪತ್ರೆಯಿಂದ ನೇರ ಠಾಣೆಗೆ ಬಂದ ಹೆಂಗಸು ಅಳಲಿಲ್ಲ, ದೂರು ಕೊಟ್ಟಳು. ಗಂಡ ಒಳಚರಂಡಿ ಮಂಡಳಿಯ ಕೆಲಸಗಾರ. ಕಾರ್ಖಾನೆಗಳ ಬೀದಿಯಲ್ಲಿ ಕಟ್ಟಿಕೊಂಡ ಕೊಳವೆ ನೋಡಲು ಮ್ಯಾನ್‌ಹೋಲಿಗೆ ಬಗ್ಗಿದವನು ಅಲ್ಲೇ ಕುಸಿದಿದ್ದ. ಇನ್ನೂ ಜ್ಞಾನ ಬಂದಿರಲಿಲ್ಲ.

"ಯಾರೋ ಏನೋ ಬಿಟ್ಟಿದ್ದಾರೆ ಸಾರ್. ಬರೀ ಕೊಳಕಿಗೆ ಇವರು ಬೀಳೋರಲ್ಲ."

ಎಫ್‌ಐಆರ್ ಆಯಿತು. ಇನ್‌ಸ್ಪೆಕ್ಟರ್, ಕಾರ್ಖಾನೆಗಳ ನೀರಿನ ಮಾದರಿ ತೆಗೆಯುವ, ಅದೇ ಮಂಡಳಿಯ ಮಹಿಳಾ ಅಧಿಕಾರಿಯನ್ನು ಕರೆದುಕೊಂಡು ಹೋಗಿ ಪಂಚನಾಮೆ ಮುಗಿಸಿದರು. ಕೊಳವೆಯಲ್ಲಿ ಆಮ್ಲವಿತ್ತು. ಕೊಚ್ಚೆಗೆ ಆಮ್ಲ ಸೇರಿದರೆ ವಿಷಾನಿಲ ಏಳುತ್ತದೆ ಎಂದರು ಅಧಿಕಾರಿ. ಆ ಸಾಲಿನಲ್ಲಿ ಆಮ್ಲ ಬಳಸುವುದು ಲೋಹಕ್ಕೆ ಲೇಪ ಹಾಕುವ ಕಾರ್ಖಾನೆ ಒಂದೇ.

"ಅವರ ನೀರು ಬುಧವಾರ ಮಾತ್ರ ಕೆಡುತ್ತೆ. ನಾನು ಬರೋದೂ ಬುಧವಾರವೇ."

ಇನ್‌ಸ್ಪೆಕ್ಟರ್ ನಡೆಯುತ್ತಿದ್ದವರು ನಿಂತರು. ಅಧಿಕಾರಿ ಬರುವ ದಿನ ಎಂಥ ಖದೀಮನೂ ಹರಿಶ್ಚಂದ್ರನ ತುಂಡಾಗಿರುತ್ತಾನೆ. ಬರುವ ದಿನವನ್ನೇ ನೋಡಿ ತಪ್ಪು ಮಾಡುವವನನ್ನು ಅವರು ಇದುವರೆಗೆ ಕಂಡಿರಲಿಲ್ಲ.

ಕಾರ್ಖಾನೆಯ ಹಿಂದೆ ತಗಡಿನ ಶೆಡ್ಡು. ಆಮ್ಲದ ನೀರಿಗೆ ಸುಣ್ಣ ಕಲಸಿ, ಅದರ ಹುಳಿ ಮುರಿದು ಚರಂಡಿಗೆ ಬಿಡುವವನು ಅಲ್ಲಿ ಒಬ್ಬನೇ. ಎಲ್ಲರಿಗೂ ಅವನು ಸುಣ್ಣದಣ್ಣ. ನಿಜವಾದ ಹೆಸರು ಮ್ಯಾನೇಜರಿಗೂ ತಟ್ಟನೆ ಹೊಳೆಯಲಿಲ್ಲ. ಶೆಡ್ಡಿನಲ್ಲಿ ಎರಡು ಕುರ್ಚಿಗಳಿದ್ದವು. ಒಂದನ್ನು ಒರೆಸಿ ಇಟ್ಟಿದ್ದ.

"ಇವತ್ತು ಸುಣ್ಣ ಹಾಕಿದೆಯಾ?"

"ಇಲ್ಲ ಸಾರ್."

"ಮ್ಯಾನೇಜರ್ ಬೇಡ ಅಂದ್ರಾ?"

"ಅವರು ಈ ಕಡೆ ತಲೆ ಹಾಕಿಯೂ ಮಲಗಲ್ಲ."

"ಮುಗಿದಿತ್ತಾ?"

"ಚೀಲ ರಾಶಿ ಬಿದ್ದಿದೆ."

"ಮತ್ತೆ?"

ಸುಣ್ಣದಣ್ಣ ಒರೆಸಿಟ್ಟ ಕುರ್ಚಿ ನೋಡಿದ. "ನೀರು ಸರಿಯಿದ್ರೆ ಯಾರೂ ಬರಲ್ಲ ಸಾರ್. ಹೋದ ವರ್ಷ ಒಂದು ಸಲಾನೂ ಕೆಡಲಿಲ್ಲ, ಒಂದು ನರಪಿಳ್ಳೆನೂ ಬರಲಿಲ್ಲ. ಕೆಟ್ರೆ ಮೇಡಂ ವಾರ ವಾರ ಬರ್ತಾರೆ. ಕೂತ್ಕೋತಾರೆ. ಯಾಕಣ್ಣ ಹಿಂಗಾಯ್ತು ಅಂತಾರೆ. ಸುಣ್ಣ ಹಾಕದೆ ಬಿಡೋದು ಸ್ವಲ್ಪ ಹೊತ್ತು ತಾನೇ ಅಂದ್ಕೊಂಡೆ."

"ಕೆಳಗೆ ಮನುಷ್ಯ ಇರ್ತಾನೆ ಅಂತ ಹೊಳೀಲಿಲ್ವಾ?"

"ಅಲ್ಲಿ ಯಾರನ್ನೂ ನೋಡೇ ಇಲ್ಲ ಸಾರ್. ನನ್ನ ಪಾಲಿಗೆ ಅದು ಬರೀ ತೂತು."

ಅಧಿಕಾರಿ ಶೆಡ್ಡಿನಿಂದ ಹೊರಗೆ ಹೋಗಿ ನಿಂತರು. ಇನ್‌ಸ್ಪೆಕ್ಟರಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ಹೆದರಿಕೆ. ಹೆಂಡತಿ ತೀರಿಕೊಂಡ ಮೇಲೆ ರಜೆಯ ದಿನವೂ ಠಾಣೆಗೆ ಬಂದು ಕೂರುವವರು ಅವರು. ಒಂಟಿತನ ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂದು ಅವರು ಯೋಚಿಸಿರಲಿಲ್ಲ.

ಸಂಜೆ ನಾಲ್ಕಕ್ಕೆ ದಸ್ತಗಿರಿ. ಯಾರಿಗೆ ತಿಳಿಸಬೇಕು ಎಂದು ಹೆಡ್ ಕಾನ್‌ಸ್ಟೆಬಲ್ ಕೇಳಿದರೆ, ಸುಣ್ಣದಣ್ಣ ಬಹಳ ಹೊತ್ತು ಯೋಚಿಸಿ, "ಬೇಡ ಬಿಡಿ" ಎಂದ. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಪ್ರಕರಣಕ್ಕೆ ಸಾವಿನ ಸೆಕ್ಷನ್ ಸೇರಿತು.

ಇನ್‌ಸ್ಪೆಕ್ಟರ್ ತಾವೇ ಆಸ್ಪತ್ರೆಗೆ ಹೋದರು. ಹೆಂಗಸು ಗಂಡನ ಬಟ್ಟೆಯ ಗಂಟು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು.

"ಸಿಕ್ಕನಾ ಸಾರ್?"

"ಸಿಕ್ಕ."

"ಯಾಕೆ ಮಾಡಿದನಂತೆ?"

ಏನಾದರೊಂದು ಹೇಳಿ ಜಾರಿಕೊಳ್ಳಬಹುದಿತ್ತು. ಅವರಿಗೆ ಮನಸ್ಸಾಗಲಿಲ್ಲ. "ಒಂಟಿಯಾಗಿದ್ದನಂತೆ ತಾಯಿ. ಯಾರಾದ್ರೂ ಬರಲಿ ಅಂತ."

ಅವಳು ಗಂಟನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

"ಸಂಜೆಯಾದ್ರೆ ನಮ್ಮನೆಗೆ ಬರ್ತಿದ್ದೋರು ಇವರೊಬ್ಬರೇ ಸಾರ್," ಎಂದಳು.