ಅವಳ ಕೋಣೆಗೆ ಮಾತ್ರ ಜೋಡಿ ಗಾಜು

ಹಳೆಯ ಕಿಟಕಿಯ ಚೌಕಟ್ಟು ಗೋಡೆಯಿಂದ ಕಳಚಿ ಬಂದಾಗ ಆಚೆ ಅವನಿದ್ದ, ಈಚೆ ಅವಳು. ನಡುವೆ ಗಾಜಿಲ್ಲ, ಸರಳಿಲ್ಲ, ಪರದೆಯೂ ಇಲ್ಲ...

ಇಷ್ಟು ಹತ್ತಿರದಿಂದ ಅವಳು ಅವನನ್ನು ನೋಡಿದ್ದು ಅದೇ ಮೊದಲು. ಅವನ ರೆಪ್ಪೆಯ ಮೇಲೆಲ್ಲ ಮರದ ಪುಡಿ. ಒರೆಸಿಬಿಡಲೇ ಅನ್ನಿಸಿ, ತನ್ನ ಕೈಯನ್ನು ತಾನೇ ಹಿಡಿದುಕೊಂಡಳು.

"ಸ್ವಲ್ಪ ಹಿಂದೆ ನಿಂತ್ಕೊಳ್ಳಿ, ಧೂಳು ಬೀಳುತ್ತೆ," ಅಂದ.

ಅವಳು ಹಿಂದೆ ಸರಿದಳು. ಮನಸ್ಸು ಮಾತ್ರ ಅಲ್ಲೇ ನಿಂತಿತ್ತು.

ಅವನು ಎದುರು ಮಳಿಗೆಯ ಬಡಗಿ. ಮರ ನುಣುಪು ಮಾಡುವ ಕೀಸುಳಿ ತಳ್ಳುತ್ತಾ ತನ್ನಷ್ಟಕ್ಕೆ ಗುನುಗುವುದು ಅವನ ಚಾಳಿ. ಅವಳ ಅಮ್ಮ ಅವನಿಗೆ ಗುನುಗಪ್ಪ ಎಂದೇ ಹೆಸರಿಟ್ಟಿದ್ದರು. ಇವಳು ಬಟ್ಟೆ ಹೊಲಿಯುವವಳು, ಮಿಷನ್ನು ಇದ್ದದ್ದು ಆ ಕಿಟಕಿಯ ಪಕ್ಕದಲ್ಲೇ. ಮರ ಸೊಟ್ಟಗಾಗಿ, ಎಷ್ಟು ಒತ್ತಿ ಮುಚ್ಚಿದರೂ ಬೆರಳು ತೂರುವಷ್ಟು ಸಂದಿ ಉಳಿಯುತ್ತಿತ್ತು. ಅದರಿಂದ ಬೀದಿಯ ಧೂಳು ಬರುತ್ತಿತ್ತು. ಅವನ ದನಿಯೂ ಬರುತ್ತಿತ್ತು.

ಅವನು ಗುನುಗಲು ಶುರುಮಾಡಿದರೆ ಸಾಕು, ಅವಳ ಕಾಲು ಪೆಡಲಿನ ಮೇಲೆ ನಿಂತುಬಿಡುತ್ತಿತ್ತು. ಯಾರದೋ ಅಂಗಿಯ ತೋಳು ಅರ್ಧಕ್ಕೇ ಸೂಜಿಯಡಿ ಬಿದ್ದಿರುತ್ತಿತ್ತು. ಅವಳು ಕಣ್ಣು ಮುಚ್ಚಿ ಎಲ್ಲೋ ತೇಲುತ್ತಿದ್ದಳು...

ಅಮ್ಮನ ಕೆಮ್ಮು ಜೋರಾಗಿ, ಮೊದಲು ಮನೆಯ ಕಿಟಕಿಗಳನ್ನು ಬದಲಾಯಿಸಿ ಎಂದು ಡಾಕ್ಟರು ಹೇಳಿದರು. ಯಾವ ಮುಖ ಇಟ್ಟುಕೊಂಡು ಬೇಡ ಎನ್ನುವುದು?

ಸಂಜೆಯ ಹೊತ್ತಿಗೆ ಅವಳ ಕೋಣೆಗೂ ಹೊಸ ಕಿಟಕಿ ಕೂತಿತು. ಅವನು ಒಳಗೆ ಬಂದು, ಸುತ್ತಲ ಸಂದಿಗೆ ಅಂಟು ತುಂಬಿ, ಹಿಡಿ ತಿರುಗಿಸಿ ಮುಚ್ಚಿ ತೋರಿಸಿದ. ಬೀದಿಯೇ ಎದ್ದು ದೂರ ಹೋದಂತಾಯಿತು.

"ನಿಮ್ಮ ಕೋಣೆಗೆ ಮಾತ್ರ ಜೋಡಿ ಗಾಜು ಹಾಕಿದೀನಿ. ಇನ್ನು ನನ್ನ ಕಡೆಯಿಂದ ಒಂದು ಸದ್ದೂ ಬರಲ್ಲ," ಅಂದ, ಅವಳ ಮುಖ ನೋಡದೆ.

ಅವಳ ಎದೆ ಧಸಕ್ಕೆಂದಿತು. 'ಇವನಿಗೆ ಗೊತ್ತಾಗಿದೆ. ಕದ್ದು ಕೇಳುವವಳ ಕಿವಿ ಮುಚ್ಚಿಸಿದ್ದಾನೆ. ಎಷ್ಟು ನಾಜೂಕಾಗಿ ಬೇಡ ಅಂದುಬಿಟ್ಟ!'

ಅಮ್ಮನ ಕೆಮ್ಮು ಇಳಿಯಿತು, ನಿದ್ದೆ ಹತ್ತಿತು. ಮಗಳು ಮಾತ್ರ ಬಾಡಿದಳು. ಆ ತಿಳಿಗಾಜಿನಾಚೆ ಅವನು ನೀರಿನೊಳಗೆ ಓಡಾಡುವವನಂತೆ ಕಾಣುತ್ತಿದ್ದ. ಸಂಜೆಬಿಸಿಲಿಗೆ ಅವನ ಸುತ್ತ ಮರದ ಪುಡಿ ಹೊಂಬಣ್ಣದಲ್ಲಿ ತೇಲುತ್ತಿತ್ತು. ತುಟಿ ಅಲುಗುತ್ತಿತ್ತು... ಯಾವ ಹಾಡೋ!

ಕಿಟಕಿ ತೆಗೆಯಬಹುದಿತ್ತು, ನಿಜ. ಮೊದಲಾದರೆ ಮುಚ್ಚಿಕೊಂಡೇ ಕೇಳುತ್ತಿದ್ದಳು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ತೆಗೆದರೆ ಒಪ್ಪಿಕೊಂಡ ಹಾಗೆ. ಬೇಡ ಅಂದವನ ಮುಂದೆ ಒಪ್ಪಿಕೊಳ್ಳುವುದು ಹೇಗೆ?

ಅಮ್ಮ ಸುಮ್ಮನಿರುವವರಲ್ಲ. ಮಿಷನ್ನು ಈಗ ಒಂದು ಗಳಿಗೆಯೂ ನಿಲ್ಲುವುದಿಲ್ಲ, ಮತ್ತೆ ಮುಖ ಯಾಕೆ ಹೀಗಿದೆ ಎಂದು ಕೆಣಕಿದರು. ಅವಳು ತಲೆನೋವೆಂದಳು.

"ನನ್ನ ಕೆಮ್ಮು ಹೋಗಿದೆ ಕಣೇ, ಕಣ್ಣು ಹೋಗಿಲ್ಲ," ಅಂದರು ಅಮ್ಮ. "ತೆಗಿ ಆ ಕಿಟಕೀನ."

ಅವಳು ಹಿಡಿ ತಿರುಗಿಸಿದಳು. ಎದುರುಗಡೆ ಕೀಸುಳಿ ನಿಂತಿತು. ಅವನು ಬೀದಿ ದಾಟಿ ಓಡಿಬಂದು, ಕಿಟಕಿ ಬಿಗಿಯಾಗಿದೆಯೇ, ನೀರು ಒಳಗೆ ಬರುತ್ತಿದೆಯೇ ಎಂದು ಒಂದೇ ಉಸಿರಿಗೆ ಕೇಳಿದ.

"ಕಿಟಕಿ ಚೆನ್ನಾಗೇ ಇದೆ," ಅಂದಳು. "ನಿಮ್ಮ ದನಿ ಕೇಳಿಸ್ತಿಲ್ಲ..."

ಅವನು ಕಕ್ಕಾಬಿಕ್ಕಿಯಾದ.

"ನಾನು ಗುನುಗಿದಾಗಲೆಲ್ಲ ನಿಮ್ಮ ಮಿಷನ್ ನಿಲ್ತಿತ್ತಲ್ಲ? ಕೆಲಸಕ್ಕೆ ತೊಂದ್ರೆ ಆಗ್ತಿದೆ ಅಂದ್ಕೊಂಡೆ. ಬಾಯಿ ಮುಚ್ಚೋಕೆ ನೋಡ್ದೆ, ಆಗ್ಲಿಲ್ಲ. ಅದಕ್ಕೇ ಜೋಡಿ ಗಾಜು..."

"ಕೇಳೋಕೆ ಅಂತ ನಿಲ್ಲಿಸ್ತಿದ್ದೆ."

ಹೇಳಿಬಿಟ್ಟಿದ್ದಳು! ಅವಳಿಗೆ ಅಳುವೂ ಬಂತು, ನಗುವೂ ಬಂತು. ಅವನು ಕಿಟಕಿಯ ಅಂಚನ್ನು ಹಿಡಿದುಕೊಂಡ.

"ನಿಮ್ಮ ಮಿಷನ್ ಸದ್ದಿಲ್ಲದೆ ನನಗೂ ದಿನ ಹೋಗ್ತಿಲ್ಲ," ಅಂದ ಮೆಲ್ಲಗೆ. "ಈ ಗಾಜು ತೆಗೆದು ಒಂಟಿ ಗಾಜು ಹಾಕಿಕೊಡ್ಲಾ?"

"ಬೇಡ, ಹಾಗೇ ಇರಲಿ."

"ಮತ್ತೆ?"

"ನೀವೇ ಗಾಜಿನ ಈ ಕಡೆ ಬಂದುಬಿಡಿ."

ಅವನು ರೆಪ್ಪೆಯ ಮೇಲಿನ ಮರದ ಪುಡಿ ಒರೆಸಿಕೊಂಡ.

"ಇವತ್ತೇ ಬಂದು ಅಮ್ಮನ್ನ ಕೇಳ್ಲಾ?"

"ಕೇಳಿ," ಅಂದಳು. "ಬಾಗಿಲು ತೆಗೀತೀನಿ."