ಹದಿನೇಳನೆಯ ಸಂಪುಟದ ಹೊಲಿಗೆ

ನದಿಗಳಿಗೆ ಇನ್ನೂ ಹೆಸರಿಡದಿದ್ದ ಕಾಲದಲ್ಲಿ, ಪ್ರಭವ ಸಂವತ್ಸರದ ಚೈತ್ರ ಶುದ್ಧ ಪಂಚಮಿಯಂದು, ಸೂರ್ಯ ನೆತ್ತಿಗೇರಿದ ಹೊತ್ತಿಗೆ, ಕೇತಕೀಪುರದ ಅರಮನೆಯಲ್ಲಿ ಈ ಸಂಗತಿ ಮೊದಲಾಯಿತು.

ಮಾಂತ್ರಿಕ ಕಾಳಕರ್ಣನಿಗೆ ನಗು ಕಂಡರಾಗದು. ನಕ್ಕವರನ್ನು ಕಲ್ಲಾಗಿಸುತ್ತಿದ್ದ. ಅಂದು ಅವನ ಪೇಟ ಜಾರಿ ಮೂಗಿನ ಮೇಲೆ ನಿಂತಾಗ ಪದ್ಮಬ್ಬೆ ಎಂಬ ಹುಡುಗಿ ನಕ್ಕಳು. ಅವಳ ಪಾದಗಳು ಕಲ್ಲಾದವು.

"ಇವಳು ಇನ್ನೊಮ್ಮೆ ನಕ್ಕರೆ ನನ್ನ ಮಾಯೆಯೆಲ್ಲ ಮುರಿಯುತ್ತದೆ. ನಗಿಸಲು ಮೂರು ಸಲ ಪ್ರಯತ್ನಿಸಿ" ಎಂದು ಕಾಳಕರ್ಣ ನೆರೆದವರಿಗೆ ಸವಾಲೆಸೆದ.

ಪದ್ಮಬ್ಬೆಯ ಅಕ್ಕ ಸಿರಿಯಬ್ಬೆ ಅರಮನೆಯ ಪುಸ್ತಕಗಳಿಗೆ ಹೊಲಿಗೆ ಹಾಕುವವಳು. ಭಂಡಾರದಲ್ಲಿ 'ವಕ್ರದೇಶದ ವಿನೋದಗಳು' ಎಂಬ ನಗೆಗತೆಯ ನಲವತ್ತೊಂದು ಸಂಪುಟಗಳಿದ್ದವು. ಇಪ್ಪತ್ತು ವರ್ಷ ಅವನ್ನು ಹೊಲಿದಿದ್ದರೂ ಅವಳು ಒಂದನ್ನೂ ಓದಿರಲಿಲ್ಲ. ಹೊಲಿಯುವವರು ಓದಬಾರದೆಂಬುದು ಅಲ್ಲಿನ ಕಟ್ಟಳೆ.

"ತಂಗಿಗೆ ಓದಿ ಹೇಳಲು ಎಲ್ಲಿಂದ ಆರಂಭಿಸಲಿ?" ಎಂದು ಅವಳು ಭಂಡಾರಿ ನಾಗದೇವಯ್ಯನನ್ನು ಕೇಳಿದಳು.

"ಮೊದಲನೆಯದರಿಂದ, ತಾಯಿ. ಅದೇ ಮರ್ಯಾದೆ."

ಮೊದಲ ಸಂಪುಟದಲ್ಲಿ ವಕ್ರದೇಶದ ಅರಸರ ವಂಶಾವಳಿಯಿತ್ತು.

"ಅಕ್ಕಾ, ಇದನ್ನು ಕೇಳುವುದಕ್ಕಿಂತ ಕಲ್ಲಾಗುವುದೇ ಮೇಲು" ಎಂದಳು ಪದ್ಮಬ್ಬೆ. ಕಲ್ಲು ಸೊಂಟಕ್ಕೇರಿತು.

"ಹಾಗಾದರೆ ಕಡೆಯದು. ಕವಿ ಪಳಗಿರುತ್ತಾನೆ" ಎಂದ ನಾಗದೇವಯ್ಯ.

ಕಡೆಯ ಸಂಪುಟದಲ್ಲಿ ಎಲ್ಲರೂ ಹಳೆಯ ತಮಾಷೆಗಳನ್ನು ನೆನೆದು ತಾವೇ ನಗುತ್ತಿದ್ದರು.

"ಇವರೆಲ್ಲ ಯಾರಕ್ಕಾ?" ಎಂದಳು ಪದ್ಮಬ್ಬೆ. ಕಲ್ಲು ಕೊರಳಿಗೇರಿತು.

ನಾಗದೇವಯ್ಯ ಮತ್ತೆ ಬಾಯಿ ತೆರೆದ. ಸಿರಿಯಬ್ಬೆ ಕೈಯೆತ್ತಿ ತಡೆದಳು. ಆ ಎರಡು ಸಂಪುಟಗಳಲ್ಲಿ ಅವಳು ಹಾಕಿದ ಮೊದಲ ದಾರವೇ ಬಿಗಿಯಾಗಿತ್ತು, ಯಾರೂ ತೆರೆದೇ ಇರಲಿಲ್ಲ. ಹದಿನೇಳನೆಯದನ್ನು ಮಾತ್ರ ಒಂಬತ್ತು ಸಲ ಹೊಲಿದಿದ್ದಳು. ಅದರ ಹಾಳೆಗಳಲ್ಲಿ ಅಡುಗೆಮನೆಯ ಎಣ್ಣೆ, ಕಾವಲುಗಾರರ ಎಲೆಯಡಿಕೆಯ ಕಲೆ. ಅವಳು ಅದನ್ನೇ ತೆರೆದಳು.

ಮಾಂತ್ರಿಕನೊಬ್ಬ ಇಲಿಯಾಗಿ, ಮಂತ್ರ ಮರೆತು, ಮನೆಯ ಬಾಗಿಲಿಗೆ ಬಂದು, "ನಾನೇ ನಿನ್ನ ಗಂಡ" ಎಂದನಂತೆ.

"ನಿನ್ನೆ ನಾನು ಏನು ಅಡುಗೆ ಮಾಡಿದ್ದೆ?" ಎಂದು ಹೆಂಡತಿ ಕೇಳಿದಳಂತೆ.

"ನೆನಪಿಲ್ಲ."

"ಸರಿ, ನೀವೇ. ಒಳಗೆ ಬನ್ನಿ."

ಪದ್ಮಬ್ಬೆ ಫಕ್ಕನೆ ನಕ್ಕಳು. ಕಲ್ಲು ಹುಡಿಯಾಗಿ ಉದುರಿತು. ಊರಿನ ಕಲ್ಲುಗಳೆಲ್ಲ ಮನುಷ್ಯರಾಗಿ ಮೈ ಮುರಿದೆದ್ದವು. ಕಾಳಕರ್ಣನ ಮಂತ್ರದಂಡ ಬೂದಿಯಾಯಿತು.

ಅವನು ತಗ್ಗಿದ ದನಿಯಲ್ಲಿ, "ಆಮೇಲೆ ಆ ಇಲಿಗೆ ಏನಾಯಿತು?" ಎಂದ.

"ಕೈ ತೊಳೆದು ಬಂದು ಕೂತುಕೋ" ಎಂದಳು ಸಿರಿಯಬ್ಬೆ.

ಅಲ್ಲಿಂದ ಮುಂದೆ ಕೇತಕೀಪುರದವರು ನಗುನಗುತ್ತ ಬಾಳಿದರು. ಸಿರಿಯಬ್ಬೆ ಹದಿನೇಳರಿಂದ ನಲವತ್ತೊಂದರವರೆಗೆ, ಆಮೇಲೆ ಎರಡರಿಂದ ಹದಿನಾರರವರೆಗೆ ಓದಿ, ಮೊದಲನೆಯದನ್ನು ಕೊನೆಗೆ ಓದುವುದೆಂದು ತೀರ್ಮಾನಿಸಿದಳು.