ಬಿಸಿ ತಿಳಿಯದ ಕೈ

"ಇದು ಕೈಯೋ, ತೆಂಗಿನ ಸಿಪ್ಪೆಯೋ?"

ಫ್ಯಾಕ್ಟರಿಯ ಗೇಟಿನಲ್ಲಿ ಬೆಳಗಿನ ಪಾಳಿಯವರೆಲ್ಲ ಸಾಲುಗಟ್ಟಿ ನಿಂತಿದ್ದರು. ವಾಸಿತಿ ಮೆಸಾಕೆಯ ಅಂಗೈಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಹಿಡಿದಿದ್ದಳು. ಒಳಗೆ ಹೋಗುವವರ ಕೈ ಉಗುರು ನೋಡಿ ಬಿಡುವುದು ಅವಳ ಕೆಲಸ.

"ನೋಡ್ರೇ ಇಲ್ಲಿ! ಈ ಕೈಯಲ್ಲಿ ಯಾರಿಗಾದ್ರೂ ಎಣ್ಣೆ ತಿಕ್ಕಿದ್ರೆ ಎಣ್ಣೆ ಉಳಿಯತ್ತೆ, ಚರ್ಮ ಉಳಿಯಲ್ಲ!"

ಸಾಲಿಗೆ ಸಾಲೇ ಗೊಳ್ಳೆಂದು ನಕ್ಕಿತು.

ಮೆಸಾಕೆಗೆ ಅದು ಮೊದಲ ದಿನ. ಕಂದಾವು ದ್ವೀಪದ ಹಡಗಿನಿಂದ ಸುವಾ ಪಟ್ಟಣದಲ್ಲಿ ಇಳಿದು ನೇರ ಇಲ್ಲಿಗೆ ಬಂದಿದ್ದ. ಮುಂಗೋಪಿಗಳಿಗೆ ಕೋಪ ಮೂಗಿನ ತುದಿಯಲ್ಲಿರುತ್ತದಂತೆ. ಅವನ ಕೋಪಕ್ಕೆ ಅಲ್ಲಿವರೆಗೆ ಬರುವ ತಾಳ್ಮೆಯೂ ಇರಲಿಲ್ಲ. ಕೈ ಕಿತ್ತುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

"ನಾಸೌ ಊರಿನವನು ಅಂತ ಚೀಟೀಲಿದೆ. ಹೌದಾ?"

"ಹೌದು. ಏನೀಗ?"

"ನಾನು ವುನಿವಾಯ್ ಊರಿನವಳು. ನಾಸೌನವನಾಗಿ ನಾಲಿಗೆ ಇಲ್ವೇನೋ?"

ಆಗ ಅವನಿಗೆ ಹೊಳೆಯಿತು. ಅವರಿಬ್ಬರ ಊರೂ ಒಂದಕ್ಕೊಂದು ತೌವು. ಯಾವುದೋ ಕಾಲದಲ್ಲಿ ಎರಡೂ ಊರಿಗೆ ಒಂದೇ ಕುಲದೇವರಂತೆ. ತೌವು ಅಂದ ಮೇಲೆ ಯಾರ ಮುಂದೆ ಬೇಕಾದರೂ ಬೈಯಬಹುದು, ಅವರ ಗಡಿಗೆಯಿಂದ ಕೇಳದೆ ಎತ್ತಿ ತಿನ್ನಬಹುದು. ಬೈಸಿಕೊಂಡವನು ಸಿಟ್ಟಾಗಬಾರದು, ಅದಕ್ಕಿಂತ ದೊಡ್ಡದನ್ನು ವಾಪಸ್ ಕೊಡಬೇಕು. ಕೊಡದೆ ಸುಮ್ಮನಾದರೆ ನಂಟು ಸತ್ತಿತು ಎಂದೇ ಲೆಕ್ಕ.

"ನಾಲಿಗೆ ಇದೆ ಕಣೇ," ಎಂದ. "ಮೊದಲು ಕೈ ಬಿಡು. ಪರೀಕ್ಷೆ ನೆಪದಲ್ಲಿ ಇಷ್ಟು ಹೊತ್ತು ಗಂಡಸಿನ ಕೈ ಹಿಡ್ಕೊಂಡು ನಿಲ್ಲೋ ಹುಡುಗೀನ ವುನಿವಾಯಲ್ಲಿ ಏನಂತಾರೆ?"

ಸಾಲು ಸಿಳ್ಳೆ ಹಾಕಿತು. ವಾಸಿತಿ ಕೈಯನ್ನು ಕೆಂಡದಂತೆ ಬಿಟ್ಟುಬಿಟ್ಟಳು. ಆದರೆ ಬಿಡುವ ಮುನ್ನ ಒಂದು ಕ್ಷಣ ಅವಳ ಹೆಬ್ಬೆರಳು ಅವನ ಅಂಗೈಯ ಜಡ್ಡುಗಟ್ಟಿದ ಗಂಟೊಂದರ ಮೇಲೆ ನಿಂತಿತ್ತು. ಅದನ್ನು ಸಾಲು ನೋಡಲಿಲ್ಲ. ಅವನು ನೋಡಿದ.

"ಒಳಗೆ ನಡಿ, ಸಿಪ್ಪೆ," ಅಂದಳು, ತುಟಿ ಕಚ್ಚಿಕೊಂಡು.

*

ಆ ಫ್ಯಾಕ್ಟರಿ ಮಾರುತ್ತಿದ್ದುದು ಬಿಸಿಯನ್ನು. ಡಬ್ಬಿಯ ಒಳಗೆ ಮೈಗೆ ಹಚ್ಚುವ ತೆಂಗಿನೆಣ್ಣೆ, ಹೂವಿನ ವಾಸನೆ ಬೆರೆಸಿದ್ದು. ಎಣ್ಣೆಯ ಬಟ್ಟಲಿನ ಕೆಳಗೆ ಸುಟ್ಟ ಸುಣ್ಣದ ಪುಡಿ, ಅದರ ಪಕ್ಕ ನೀರಿನ ಪುಟ್ಟ ಚೀಲ. ಡಬ್ಬಿಯ ತಳ ಒತ್ತಿದರೆ ಚೀಲ ಒಡೆದು ನೀರು ಸುಣ್ಣಕ್ಕೆ ಸೇರುತ್ತದೆ, ಸುಣ್ಣ ಕುದಿಯುತ್ತದೆ, ಮೇಲಿನ ಎಣ್ಣೆ ಬೆಚ್ಚಗಾಗುತ್ತದೆ. ಒಲೆ ಬೇಡ, ಕರೆಂಟು ಬೇಡ. ಬೆನ್ನು ತಿಕ್ಕುವ ಅಜ್ಜಿಯೂ ಬೇಡ. ಚಳಿ ದೇಶದವರಿಗೆ ಎಲ್ಲವೂ ಇದೆ, ಎಣ್ಣೆ ಬೆಚ್ಚಗೆ ಮಾಡಿಕೊಡುವ ಒಂದು ಅಂಗೈ ಮಾತ್ರ ಇಲ್ಲ. ಅದನ್ನೂ ಡಬ್ಬಿಯಲ್ಲಿ ತರಿಸಿಕೊಳ್ಳುತ್ತಾರೆ.

ಮೆಸಾಕೆಗೆ ಸುಣ್ಣ ತುಂಬುವ ಕೆಲಸ ಸಿಕ್ಕಿತು. ಪಕ್ಕದಲ್ಲಿ ಅಂಗಮ್ಮ. ಕಬ್ಬಿನ ಗದ್ದೆಯಿಂದ ಬಂದ ಹೆಂಗಸು, ಬಾಯಿ ಜೋರು, ಮನಸ್ಸು ಹತ್ತಿ.

"ಆ ವಾಸಿತಿ ನಿನ್ನ ಊಟದ ಡಬ್ಬಿಯಿಂದ ದಿನಾ ಮರಗೆಣಸು ಕದೀತಾಳಲ್ಲ, ನೀನು ಸುಮ್ನೆ ನೋಡ್ತಾ ಕೂತಿರ್ತೀಯಲ್ಲ ಮಗಾ?"

"ತೌವು, ಅಂಗಮ್ಮಕ್ಕ. ಅವಳ ಹಕ್ಕು."

"ಹಕ್ಕಂತೆ! ಮೊನ್ನೆಯಿಂದ ನೀನು ಎರಡು ಪಾಲು ತರ್ತಿದ್ದೀಯ. ಅದ್ಯಾರ ಹಕ್ಕು?"

ಅವನು ನಾಚಿಕೊಂಡು ಸುಣ್ಣದ ಚೀಲಕ್ಕೆ ತಲೆ ತಗ್ಗಿಸಿದ.

ವಾಸಿತಿ ಊಟದ ಹೊತ್ತಿಗೆ ಗಾಳಿಯ ಹಾಗೆ ಬರುತ್ತಿದ್ದಳು. ಕಿವಿಯ ಹಿಂದೆ ಒಂದು ಹೂ. ಅವನ ಡಬ್ಬಿಯಿಂದ ದೊಡ್ಡ ತುಂಡನ್ನೇ ಎತ್ತಿಕೊಂಡು, ಅವನ ಕಣ್ಣಲ್ಲಿ ಕಣ್ಣಿಟ್ಟು ಕಚ್ಚುತ್ತಿದ್ದಳು.

"ಥೂ, ಉಪ್ಪಿಲ್ಲ. ನಾಸೌನವರಿಗೆ ಸುತ್ತ ಸಮುದ್ರ ಇದ್ರೂ ಉಪ್ಪಿಗೆ ಬರ."

"ವುನಿವಾಯವರು ಅಳ್ತಾ ತಿಂದ್ರೆ ಉಪ್ಪು ತಾನಾಗಿ ಆಗತ್ತೆ ಅಂತ ಹಾಕಿಲ್ಲ."

"ನಿನ್ನ ಮುಖ ನೋಡ್ತಾ ತಿನ್ನೋದಲ್ವಾ, ಅಳುನೂ ಬರತ್ತೆ ಬಿಡು."

ಅವಳು ಹೋದ ಮೇಲೂ ಆ ಹೂವಿನ ವಾಸನೆ ಅವನ ಡಬ್ಬಿಯಲ್ಲಿ ಕೂತಿರುತ್ತಿತ್ತು. ಮುಚ್ಚಳ ಹಾಕಿ ಮನೆಗೆ ಒಯ್ಯುತ್ತಿದ್ದ.

*

ಫ್ಯಾಕ್ಟರಿಯ ಹಿಂಬದಿಗೆ ಒಂದು ತಣ್ಣನೆಯ ಕೋಣೆಯಿತ್ತು. ಸುವಾ ಪಟ್ಟಣದ ಸೆಕೆಗೆ ತೆಂಗಿನೆಣ್ಣೆ ಹೆಪ್ಪುಗಟ್ಟುವುದಿಲ್ಲವಲ್ಲ, ಚಳಿಯಲ್ಲಿ ಡಬ್ಬಿ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಕಟ್ಟಿದ್ದು. ಕೆಲಸದವರೆಲ್ಲ ಅದನ್ನು ಮೆಲ್ಬರ್ನ್ ಎಂದು ಕರೆಯುತ್ತಿದ್ದರು.

"ಏ ಸಿಪ್ಪೆ, ಮೆಲ್ಬರ್ನ್‌ಗೆ ಬರ್ತೀಯಾ? ಡಬ್ಬಿ ಹೊರೋಕೆ ಕತ್ತೆ ಬೇಕು."

ಒಳಗೆ ಇಬ್ಬರ ಉಸಿರೂ ಹೊಗೆಯಾಗಿ ಬಂದು ನಡುವೆ ಬೆರೆಯುತ್ತಿತ್ತು. ವಾಸಿತಿ ಡಬ್ಬಿಯ ತಳ ಒತ್ತಿ, ಅಲುಗಿಸಿ, ಕಾದಳು. ಬೆಳ್ಳಗೆ ಗಟ್ಟಿಯಾಗಿದ್ದ ಎಣ್ಣೆ ಅಂಚಿನಿಂದ ಕರಗುತ್ತ ಬಂತು. ಅವಳು ಅದನ್ನು ಅವನ ಅಂಗೈಗೆ ಸುರಿದು ಎರಡೂ ಹೆಬ್ಬೆರಳಲ್ಲಿ ತಿಕ್ಕತೊಡಗಿದಳು.

"ಬಿಸಿ ಗೊತ್ತಾಗ್ತಿದೆಯಾ?"

"ಇಲ್ಲ."

"ಸುಳ್ಳು. ನನ್ನ ಬೆರಳು ಚುರುಗುಟ್ತಿದೆ."

ಸುಳ್ಳಲ್ಲ. ಊರಿನಲ್ಲಿ ಅವನು ಕೊಬ್ಬರಿ ಒಣಗಿಸುತ್ತಿದ್ದವನು. ಗೂಳಿಯ ಕೊಂಬಿನಂಥ ಗೂಟಕ್ಕೆ ತೆಂಗಿನಕಾಯಿ ಕುಕ್ಕಿ ಸುಲಿದು, ಉರಿಯುವ ಗೂಡಿನ ಮೇಲೆ ಕೊಬ್ಬರಿಯನ್ನು ಬರಿಗೈಯಲ್ಲೇ ಮಗುಚಿ ಮಗುಚಿ ಅಂಗೈ ಸತ್ತುಹೋಗಿತ್ತು. ಚಂಡಮಾರುತ ಶಾಲೆಯ ಚಾವಣಿಯನ್ನು ಹೊತ್ತುಕೊಂಡು ಹೋದ ವರ್ಷ ಅವನು ಎಂಟನೇ ಕ್ಲಾಸು. ಚಾವಣಿ ವಾಪಸ್ ಬಂತು. ಅವನು ವಾಪಸ್ ಹೋಗಲಿಲ್ಲ.

"ನಿಜವಾಗ್ಲೂ ಗೊತ್ತಾಗಲ್ಲ," ಎಂದ. "ನಿನ್ನ ಕೈ ಮಾತ್ರ ಗೊತ್ತಾಗತ್ತೆ."

ಅವಳ ಹೆಬ್ಬೆರಳು ನಿಂತಿತು. ಬೈಯಲು ಬಾಯಿ ತೆರೆದಳು. ಬೈಗುಳ ಸಿಗಲಿಲ್ಲ. ಬರೀ ಉಸಿರು ಬಂತು, ಬಿಳಿಯಾಗಿ.

"ನಾಲಿಗೆ ಇಲ್ವೇನೇ, ವುನಿವಾಯವಳೇ?" ಎಂದು ಅವನು ಮೆಲ್ಲಗೆ ಕೇಳಿದ.

"ಹೋಗೋ," ಎಂದಳು. ಎಣ್ಣೆ ಹತ್ತಿದ ಬೆರಳನ್ನು ಅವನ ಮೂಗಿಗೆ ಒರೆಸಿದಳು. ಅಷ್ಟೇ. ಆ ಕೋಣೆಯಲ್ಲಿ ಹೇಳಬೇಕಾದದ್ದೆಲ್ಲ ಮುಗಿದಿತ್ತು.

*

ನಿಜವಾದ ಮೆಲ್ಬರ್ನ್‌ನಿಂದ ಒಬ್ಬ ಹೆಂಗಸು ಬರುವವಳಿದ್ದಳು. ಅಂಗಡಿಗಳ ಒಡತಿ. ಅವಳಿಗೆ ಡಬ್ಬಿ ಒಪ್ಪಿಗೆಯಾದರೆ ಅದನ್ನು ಗಿರಾಕಿಗಳಿಗೆ ತೋರಿಸಲು ವಾಸಿತಿಯನ್ನೇ ಅಲ್ಲಿಗೆ ಕಳಿಸುವುದಾಗಿ ಮ್ಯಾನೇಜರ್ ಡೇಲ್ ಮಾತು ಕೊಟ್ಟಿದ್ದ.

ಮೆಸಾಕೆಯ ಮಾವ ಊರಿನಲ್ಲಿ ತಿಮಿಂಗಿಲದ ಹಲ್ಲೊಂದನ್ನು ಉಜ್ಜಿ ಹೊಳಪು ಮಾಡಿಟ್ಟಿದ್ದ. ಅದನ್ನು ಹಿಡಿದುಕೊಂಡು ಹೋಗಿ ಅವಳ ತಂದೆಯ ಮುಂದಿಟ್ಟರೆ ಹೆಣ್ಣು ಕೇಳಿದಂತೆ.

"ಈ ಶನಿವಾರ ಮಾವ ಬರ್ತಾನೆ," ಎಂದ.

"ಮೊದಲು ಆ ಹೆಂಗಸು ಬಂದು ಹೋಗ್ಲಿ ಕಣೋ." ಬಸ್ ಸ್ಟಾಪಿನಲ್ಲಿ ಅವಳು ಅವನ ಅಂಗಿಯ ಗುಂಡಿ ತಿರುಗಿಸುತ್ತ ನಿಂತಿದ್ದಳು. "ನಾನು ಹೋದ್ರೆ ಆಮೇಲೆ ನಿನ್ನನ್ನೂ ಕರೆಸ್ಕೋತೀನಿ. ಈ ಡಬ್ಬಿ ಬಿಸಿಯಾಗೋಕೆ ಎಷ್ಟು ಹೊತ್ತು ಹಿಡಿಯತ್ತೆ ಗೊತ್ತಲ್ಲ? ಆ ಏಸಿ ರೂಮಲ್ಲಿ ಅವಳು ಗಡಿಯಾರ ನೋಡೋಕೆ ಶುರು ಮಾಡ್ತಾಳೆ. ನಂಗೋಸ್ಕರ ಒಂದು ಮಾಡ್ತೀಯಾ?"

"ಪ್ರಾಣ ಬೇಕಾ?"

"ನಿನ್ನ ಪ್ರಾಣ ಯಾರಿಗೆ ಬೇಕೋ, ಸಂತೇಲಿ ಮಾರಿದ್ರೂ ಹೋಗಲ್ಲ. ನಾನು ತೋರಿಸೋ ಡಬ್ಬಿಗೆ ಸ್ವಲ್ಪ ಜಾಸ್ತಿ ಸುಣ್ಣ ಹಾಕು. ಬೇಗ ಕಾಯ್ಲಿ."

ಮಾರನೆಯ ದಿನ ಅಂಗಮ್ಮ ಅವನ ಚಮಚ ನೋಡಿದಳು. "ಮಗಾ, ಅದು ಸಕ್ಕರೆ ಅಲ್ಲ."

"ಪರೀಕ್ಷೆ ಮಾಡಿ ಕೊಡ್ತೀನಿ, ಅಕ್ಕ."

ಮಾಡಿದ. ಅಂಥದ್ದೇ ಇನ್ನೊಂದು ಡಬ್ಬಿ ತುಂಬಿ, ನೀರಿನ ಟ್ಯಾಂಕಿನ ಹಿಂದೆ ಕೂತು ತಳ ಒತ್ತಿದ. ಎಣ್ಣೆಯನ್ನು ಅಂಗೈಗೆ ಸುರಿದುಕೊಂಡ. ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಅವನ ಅಂಗೈಗೆ ಬೆಚ್ಚಗೆ ಏನೋ ತಾಗಿತು, ಯಾರೋ ಹತ್ತಿರದಿಂದ ಉಸಿರು ಬಿಟ್ಟ ಹಾಗೆ. ಎಷ್ಟು ಚೆನ್ನಾಗಿದೆ ಎಂದುಕೊಂಡ. ಚಳಿಯ ದೇಶದಲ್ಲಿ ಅವಳು ಇದನ್ನು ಹಿಡಿದು ನಿಂತಾಗ ತಾನೇ ಕೈಹಿಡಿದಂತೆ ಇರುತ್ತದೆ ಎಂದುಕೊಂಡ. ಅವಳ ಡಬ್ಬಿಯ ತಳದಲ್ಲಿ ಗುರುತಿಗೆಂದು ಉಗುರಿನಿಂದ ಸಣ್ಣ ಗೀರೊಂದನ್ನು ಹಾಕಿ ಅವಳಿಗೆ ಕೊಟ್ಟ.

ಅವಳು ತೆರೆದು ನೋಡಲಿಲ್ಲ. "ಎಷ್ಟಾದ್ರೂ ಸಿಪ್ಪೆ ಕೈಯದು," ಎಂದು ಮುತ್ತಿಟ್ಟು ಜೇಬಿಗೆ ಹಾಕಿಕೊಂಡಳು. ಮುತ್ತು ಡಬ್ಬಿಗೆ.

*

ಎಲ್ಲರಿಗೂ ಹೂಹೂವಿನ ಹೊಸ ಅಂಗಿ ಕೊಟ್ಟು ಗೋಡೆಯುದ್ದಕ್ಕೆ ನಿಲ್ಲಿಸಿದ್ದರು. ಹಾಡು ಹೇಳಿಸಿದರು. ಮೆಲ್ಬರ್ನ್ ಹೆಂಗಸು ತಾಳಕ್ಕೆ ತಲೆಯಾಡಿಸಿದಳು. ಎದುರಿಗೆ ವಾಸಿತಿ, ಎಂದೂ ಇಲ್ಲದಷ್ಟು ಚೆಲುವೆ. ಡಬ್ಬಿ ಎತ್ತಿ ತೋರಿಸುವಾಗ ಅವನ ಕಡೆ ಒಂದೇ ಒಂದು ನೋಟ ಎಸೆದಳು. ಅದರಲ್ಲಿ ಶನಿವಾರ ಇತ್ತು, ತಿಮಿಂಗಿಲದ ಹಲ್ಲು ಇತ್ತು, ಎಲ್ಲ ಇತ್ತು.

ತಳ ಒತ್ತಿದಳು. ಅಲುಗಿಸಿದಳು. ಬೆರಳಿಗೆ ಬಿಸಿ ತಾಗದಂತೆ ಡಬ್ಬಿಗೆ ಸುತ್ತಿದ್ದ ರಟ್ಟಿನ ಪಟ್ಟಿಯನ್ನು ಹಿಡಿದು ಹೆಂಗಸಿನ ಚಾಚಿದ ಅಂಗೈಗೆ ಎಣ್ಣೆ ಬಗ್ಗಿಸಿದಳು.

ಹೆಂಗಸು ಚೀರಿದಳು.

ಡಬ್ಬಿ ನೆಲಕ್ಕೆ ಉರುಳಿತು. ಯಾರೋ ನೀರು ತಂದರು, ಯಾರೋ ಐಸ್ ತಂದರು. ಬಿಳಿಯ ಅಂಗೈ ನೋಡನೋಡುತ್ತಲೇ ಕೆಂಪಾಗಿ ಉಬ್ಬಿತು. ಗೂಡಿನ ಬೆಂಕಿ ಒಮ್ಮೆಯೂ ಕಾಣದ ಅಂಗೈ. ಮೆಸಾಕೆ ತನ್ನ ಅಂಗೈಯನ್ನು ನೋಡಿಕೊಂಡ. ತನಗೆ ಉಸಿರಿನಂತೆ ತಾಗಿದ್ದು ಇನ್ನೊಬ್ಬರಿಗೆ ಬೆಂಕಿಯೆಂದು ಅವನಿಗೆ ಆಗ ಅರ್ಥವಾಯಿತು.

"ಇದನ್ನ ತುಂಬಿದ್ದು ಯಾರು?" ಡೇಲ್ ವಾಸಿತಿಯನ್ನೇ ಕೇಳಿದ.

ಅವಳು ಮೆಸಾಕೆಯನ್ನು ನೋಡಿದಳು. ಅವನು ಕಾದ. ಒಂದೇ ಮಾತು ಸಾಕಿತ್ತು, ನಾನೇ ಹೇಳಿದ್ದೆ ಸರ್ ಎಂದು. ಅಷ್ಟೂ ಬೇಡ, ಇಬ್ಬರೂ ಸೇರಿ ಮಾಡಿದ್ದು ಎಂದಿದ್ದರೆ ಉಳಿದ ಅರ್ಧವನ್ನು ಅವನೇ ಹೊರುತ್ತಿದ್ದ.

"ಅವನು, ಸರ್." ಅವಳ ಬೆರಳು ಅವನ ಕಡೆ ತಿರುಗಿತು. "ಅವನದು ಕೈಯೋ ತೆಂಗಿನ ಸಿಪ್ಪೆಯೋ ಅಂತ ಮೊದಲ ದಿನ ಗೇಟಲ್ಲೇ ಹೇಳಿದ್ದೆ. ಬಿಸಿ ಯಾವುದು, ತಣ್ಣಗೆ ಯಾವುದು ಗೊತ್ತಾಗಲ್ಲ ಅವನಿಗೆ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅಂಥವರ ಕೈಗೆ ಸುಣ್ಣ ಕೊಟ್ರೆ ಇನ್ನೇನಾಗತ್ತೆ?"

ಗೋಡೆಗೆ ಒರಗಿದ್ದ ಸಾಲಿನಲ್ಲಿ ಯಾರೋ ಅಭ್ಯಾಸಬಲದಿಂದ ನಕ್ಕರು. ಇಬ್ಬರು ಅವನ ಕಡೆ ತಿರುಗಿ ಉತ್ತರಕ್ಕೆ ಕಾದರು. ಆಮೇಲೆ ಅವಳ ಮುಖ ನೋಡಿ ಆ ನಗು ಸತ್ತಿತು. ಅಂಗಮ್ಮ ಮಾತ್ರ, "ಅಯ್ಯೋ ಪಾಪಿ," ಎಂದಳು. ಯಾರಿಗೆ ಎಂದು ಹೇಳಲಿಲ್ಲ.

ಮೆಸಾಕೆಯ ಬಾಯಿಯಲ್ಲಿ ಉತ್ತರವಿತ್ತು. ಆ ಒಂದು ಉತ್ತರಕ್ಕೆ ಅವಳ ಮೆಲ್ಬರ್ನ್ ಅಲ್ಲೇ ಕರಗಿ ನೆಲಕ್ಕೆ ಹರಿಯುತ್ತಿತ್ತು. ಹಲ್ಲು ಕಚ್ಚಿದ. ದವಡೆ ನೋಯುವಷ್ಟು ಕಚ್ಚಿದ. ನುಂಗಿದ.

"ಹೊರಡು," ಎಂದ ಡೇಲ್.

*

ಹೊಸ ಅಂಗಿ ಬಿಚ್ಚಿ ಅಂಗಮ್ಮನ ಕೈಗೆ ಕೊಟ್ಟ. ಊಟದ ಡಬ್ಬಿ ತೆಗೆದುಕೊಂಡ. ಅದರಲ್ಲಿ ಎರಡು ಪಾಲು ಇತ್ತು.

"ಬಾಯಿ ಬಿಟ್ಟು ಹೇಳಬಾರದಿತ್ತಾ ಮಗಾ?"

"ಹೇಳಿ ಏನು ಮಾಡ್ಲಿ, ಅಕ್ಕ? ಅವಳೂ ಇಲ್ಲೇ ಸುಣ್ಣ ತುಂಬ್ತಾ ಕೂರ್ಬೇಕಾ?"

ಹೊರಗೆ ಸುವಾದ ಮಳೆ ಎಂದಿನಂತೆ ಯಾರನ್ನೂ ಕೇಳದೆ ಸುರಿಯುತ್ತಿತ್ತು. ಶೆಡ್ಡಿನ ಕೆಳಗೆ ಮಧ್ಯಾಹ್ನದ ಪಾಳಿಯವರು ಚಹಾ ಕುಡಿಯುತ್ತಿದ್ದರು. ಅವನು ಗೇಟು ಮುಟ್ಟುವಷ್ಟರಲ್ಲಿ ಹಿಂದಿನಿಂದ ಓಡಿ ಬರುವ ಸದ್ದು.

"ಏ ಸಿಪ್ಪೆ!"

ಅವನು ನಿಂತ.

"ಏ ನಾಸೌ ಕತ್ತೆ! ಎಲ್ಲಿಗೋ ಹೊರಟೆ, ನನ್ನ ಮರಗೆಣಸು ಎತ್ಕೊಂಡು?" ಅವಳು ಏದುತ್ತಿದ್ದಳು. ನಗಲು ನೋಡಿದಳು. "ಬೈಯೋ ನನ್ನ. ಎಲ್ಲರೂ ಇದ್ದಾರೆ, ಎಲ್ಲರ ಮುಂದೆ ಬೈ. ಕಳ್ಳಿ ಅನ್ನು, ಹಾವು ಅನ್ನು, ಏನ್ ಬೇಕಾದ್ರೂ ಅನ್ನು."

ಶೆಡ್ಡಿನಲ್ಲಿ ಲೋಟಗಳು ಅರ್ಧಕ್ಕೇ ನಿಂತವು.

"ಆ ಹೆಂಗಸು ಇನ್ನೂ ಇಲ್ಲ ಅಂದಿಲ್ಲ ಕಣೋ. ಸುಣ್ಣ ಕಡಿಮೆ ಮಾಡಿ ಕಳಿಸಿ ಅಂದಳು. ನಾನು ಹೋಗ್ತೀನಿ, ಆಮೇಲೆ ನಿನ್ನ ಕರೆಸ್ಕೋತೀನಿ. ಮಾವನಿಗೆ ಬರೋಕೆ ಹೇಳು. ಅಪ್ಪ ಬೇಡ ಅಂದ್ರೂ ನಾನು ಹೂಂ ಅಂತೀನಿ. ನನಗೆ ನೀನೇ ಬೇಕು. ಕೇಳಿಸ್ತಾ? ಈ ದರಿದ್ರ ಮುಖಾನೇ ಬೇಕು."

ಮೆಲ್ಬರ್ನ್ ಕೋಣೆಯ ಆ ದಿನದಿಂದ ಅವನು ಕಾದಿದ್ದ ಮಾತು. ಮಾತು ಬಂತು. ಸುಣ್ಣ ತಣ್ಣಗಾದ ಮೇಲೆ ಬಂತು. ಒಮ್ಮೆ ಕುದಿದು ಮುಗಿದ ಸುಣ್ಣಕ್ಕೆ ಆಮೇಲೆ ಎಷ್ಟು ನೀರು ಹೊಯ್ದರೂ ಅದು ಬರೀ ಕೆಸರು.

ಅವಳು ಅವನ ಕೈ ಹಿಡಿದಳು. ಅಂಗೈಯನ್ನು ಎರಡೂ ಕೈಯಲ್ಲಿ ಮುಚ್ಚಿ, ಹೆಬ್ಬೆರಳಿನಿಂದ ಆ ಹಳೆಯ ಗಂಟನ್ನು ಹುಡುಕಿ ತಿಕ್ಕಿದಳು. ಅವಳ ಕೈ ಬಿಸಿಯಿತ್ತೋ ತಣ್ಣಗಿತ್ತೋ. ಅವನಿಗೆ ಗೊತ್ತಾಗಲಿಲ್ಲ.

"ನಾಸೌನವನಾಗಿ," ಎಂದಳು, ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದು. "ನಾಸೌನವನಾಗಿ ನಾಲಿಗೆ ಇಲ್ವೇನೋ?"

ಮೆಸಾಕೆ ಕೈ ಬಿಡಿಸಿಕೊಂಡ. ಊಟದ ಡಬ್ಬಿಯನ್ನು ಗೇಟಿನ ಕಟ್ಟೆಯ ಮೇಲೆ, ಅವಳಿಗೆ ಎಟಕುವಂತೆ ಇಟ್ಟ. ರಸ್ತೆ ದಾಟಿ, ಮಳೆಯಲ್ಲಿ, ಹಡಗುಗಳ ಕಡೆ ನಡೆದುಹೋದ.